22 ವೋಟು, ಅಪ್ಪ ಮತ್ತು ಸರ್ರೆ-ಗಿಲ್ಫೋರ್ಡ್

ನಮ್ಮ ಪ್ರಾಂತ್ಯದ ಸರ್ಕಾರ ನಿಂತಿರುವುದು 22 ವೋಟಿನ ಮೇಲೆ. ಪ್ರಾಂತ್ಯ ಅಂದರೆ ಬ್ರಿಟಿಷ್ ಕೊಲಂಬಿಯಾ. ಕೆನಡಾದ ಪಶ್ಚಿಮದ ತುದಿ, ವ್ಯಾಂಕೂವರ್ ಇರುವ ಕಡೆ. 2024ರ ಅಕ್ಟೋಬರ್ 19ರಂದು ಇಲ್ಲಿ ಚುನಾವಣೆ ನಡೆಯಿತು. ಒಟ್ಟು 93 ಸೀಟು, ಬಹುಮತಕ್ಕೆ 47 ಬೇಕು. ಆಗ ಮುಖ್ಯಮಂತ್ರಿಯಾಗಿದ್ದ ಡೇವಿಡ್ ಈಬಿ ಅವರ ಪಕ್ಷ ನ್ಯೂ ಡೆಮಾಕ್ರಟಿಕ್ ಪಾರ್ಟಿ, ಅಂದರೆ ಎನ್‌ಡಿಪಿಗೆ ಕೊನೆಗೆ ಸಿಕ್ಕಿದ್ದು ಸರಿಯಾಗಿ 47. ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಅಂತರದಲ್ಲಿ ಬಂದ ಸೀಟು ಸರ್ರೆ-ಗಿಲ್ಫೋರ್ಡ್. ವ್ಯಾಂಕೂವರ್ ಹತ್ತಿರದ ಸರ್ರೆ ನಗರದಲ್ಲಿರುವ ಅದು ನನ್ನ ಕ್ಷೇತ್ರ.

ನಮ್ಮ ಕಡೆಯವರಿಗೆ ಈ ಲೆಕ್ಕ ಹೇಳಿದರೆ ಯಾರೂ ಹುಬ್ಬು ಏರಿಸುವುದಿಲ್ಲ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮರುಎಣಿಕೆ ಮೇಲೆ ಮರುಎಣಿಕೆ ಆಗಿ, ಸೌಮ್ಯಾ ರೆಡ್ಡಿ 16 ವೋಟಿನಲ್ಲಿ ಸೋತರು, ಸಿ.ಕೆ. ರಾಮಮೂರ್ತಿ ಗೆದ್ದರು. ನಾನು ಯಳಂದೂರಿನವಳು. ನಮ್ಮ ಪಕ್ಕದ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ್ ಗೆದ್ದಿದ್ದು ಒಂದೇ ಒಂದು ವೋಟಿನಿಂದ. ಸೋತ ಎ.ಆರ್. ಕೃಷ್ಣಮೂರ್ತಿಯವರ ಡ್ರೈವರ್‌ಗೆ ಅವತ್ತು ವೋಟು ಹಾಕಲು ಪುರುಸೊತ್ತೇ ಸಿಗಲಿಲ್ಲವಂತೆ ಎನ್ನುವ ಕಥೆಯನ್ನು ಕೇಳದೆ ನಮ್ಮ ಕಡೆ ಯಾರೂ ದೊಡ್ಡವರಾಗಿಲ್ಲ. ಹಾಗಾಗಿ 22 ಅಂದರೆ ನಮ್ಮ ಅಪ್ಪನ ಪ್ರಕಾರ "ಆರಾಮಾಗಿ ಗೆದ್ದವ್ರೆ ಬುಡು".

ಅಪ್ಪನ ವಿಷಯ ಹೇಳಲೇಬೇಕು. ಅವರು ನಿವೃತ್ತ ಪ್ರೈಮರಿ ಶಾಲೆ ಮೇಷ್ಟ್ರು. ಮೇಷ್ಟ್ರು ಅಂದಮೇಲೆ ಎಲೆಕ್ಷನ್ ಡ್ಯೂಟಿ ತಪ್ಪಿದ್ದಲ್ಲ. ಪಂಚಾಯ್ತಿಯಿಂದ ಪಾರ್ಲಿಮೆಂಟಿನವರೆಗೆ ಎಲ್ಲ ಚುನಾವಣೆಗೂ ಹೋಗಿದ್ದಾರೆ. ಡಬ್ಬದ ಕಾಲವನ್ನೂ ನೋಡಿದ್ದಾರೆ, ಮೆಷಿನ್ ಕಾಲವನ್ನೂ ನೋಡಿದ್ದಾರೆ. ಹಿಂದಿನ ದಿನ ಮಸ್ಟರಿಂಗ್, ಬಸ್ಸಿನಲ್ಲಿ ಯಾವುದೋ ಹಳ್ಳಿ, ಶಾಲೆಯ ಕೋಣೆಯಲ್ಲೇ ನಿದ್ದೆ, ಬೆಳಗ್ಗೆ ಏಜೆಂಟರ ಮುಂದೆ ಅಣಕು ಮತದಾನ, ಸಂಜೆ ಸೀಲು, ನಡುರಾತ್ರಿವರೆಗೆ ಡಿಮಸ್ಟರಿಂಗ್ ಕ್ಯೂ. ಇಷ್ಟೂ ಅವರಿಗೆ ಬಾಯಿಪಾಠ. ಅಪ್ಪ, ಅಮ್ಮ ಇಬ್ಬರೂ 2024ರ ಬೇಸಿಗೆಯಲ್ಲಿ, ಇಲ್ಲಿರುವವರ ತಂದೆತಾಯಿಗೆ ಕೊಡುವ ಸೂಪರ್ ವೀಸಾ ಮೇಲೆ ಬಂದಿದ್ದರು. ಕೆನಡಾದ ಬೆಟ್ಟ, ಸರೋವರ, ನಯಾಗರಾ ಇವೆಲ್ಲ ಅಪ್ಪನಿಗೆ ಅಷ್ಟಕ್ಕಷ್ಟೆ. ಚುನಾವಣೆ ಬಂತು ನೋಡಿ, ಮನುಷ್ಯನಿಗೆ ಜೀವ ಬಂತು.

ಮೊದಲ ಆಘಾತ ಆಗಸ್ಟ್ 28ಕ್ಕೆ. ಅವತ್ತು ಇಲ್ಲಿನ ಅಧಿಕೃತ ವಿರೋಧ ಪಕ್ಷ ಬಿಸಿ (ಬ್ರಿಟಿಷ್ ಕೊಲಂಬಿಯಾದ ಚಿಕ್ಕ ಹೆಸರು) ಯುನೈಟೆಡ್‌ನ ನಾಯಕ ಕೆವಿನ್ ಫಾಲ್ಕನ್, ನಾವು ಪ್ರಚಾರ ನಿಲ್ಲಿಸುತ್ತಿದ್ದೇವೆ, ಕನ್ಸರ್ವೇಟಿವ್ ಪಕ್ಷಕ್ಕೆ ಬೆಂಬಲ ಕೊಡುತ್ತೇವೆ ಅಂದುಬಿಟ್ಟರು. ಚುನಾವಣೆಗೆ ಎರಡು ತಿಂಗಳೂ ಇರಲಿಲ್ಲ. ಹಿಂದೆ ಬಿಸಿ ಲಿಬರಲ್ ಅಂತ ಹೆಸರಿದ್ದಾಗ 2001ರಿಂದ 2017ರವರೆಗೆ 16 ವರ್ಷ ಆಳಿದ ಪಕ್ಷ ಅದು. 2023ರಲ್ಲಿ ಹೆಸರು ಬದಲಾಯಿಸಿಕೊಂಡರು. ಹೊಸ ಹೆಸರು ಜನರ ಬಾಯಿಗೆ ಹತ್ತುವ ಮೊದಲೇ ಅಂಗಡಿ ಮುಚ್ಚಿದರು. ಅದಕ್ಕಿಂತ ಮಜಾ ಏನೆಂದರೆ, ಇವರು ಯಾರಿಗೆ ಶರಣಾದರೋ ಆಗಿನ ಆ ಕನ್ಸರ್ವೇಟಿವ್ ನಾಯಕ ಜಾನ್ ರಸ್ತಾದ್ ಅವರನ್ನು 2022ರಲ್ಲಿ ಪಕ್ಷದಿಂದ ಹೊರಗೆ ಹಾಕಿದ್ದೇ ಈ ಫಾಲ್ಕನ್. ಹವಾಮಾನ ಬದಲಾವಣೆಯನ್ನು ಪ್ರಶ್ನಿಸುವ ಪೋಸ್ಟ್ ಹಂಚಿಕೊಂಡಿದ್ದರು ಅನ್ನುವುದು ಕಾರಣ. ರಸ್ತಾದ್ ಕೈಗೆ ತೆಗೆದುಕೊಂಡ ಪಕ್ಷಕ್ಕೆ 2020ರಲ್ಲಿ ಬಂದಿದ್ದ ವೋಟು ನೂರಕ್ಕೆ ಎರಡೂ ಇರಲಿಲ್ಲ. ನಾಲ್ಕೇ ವರ್ಷದಲ್ಲಿ ಅದು 43 ದಾಟಿತು. ಅಪ್ಪ ಇದನ್ನು ಕೇಳಿ, "ಹೊರಗೆ ಹಾಕ್ದೋರೇ ಮನೆ ಬೀಗದ ಕೈ ಕೊಟ್ಟವ್ರಲ್ಲ" ಅಂತ ಬಹಳ ಹೊತ್ತು ನಕ್ಕರು.

ಪ್ರಚಾರ ಮಾತ್ರ ಅವರಿಗೆ ಸಪ್ಪೆ ಅನಿಸಿತು. ಮೈಕಿಲ್ಲ, ಆಟೋ ಇಲ್ಲ, ಬ್ಯಾನರ್ ಇಲ್ಲ. ಮನೆ ಮುಂದಿನ ಹುಲ್ಲಿನಲ್ಲಿ ಚಿಕ್ಕ ಬೋರ್ಡು ಚುಚ್ಚಿರುತ್ತಾರೆ. ಕಿತ್ತಳೆ ಬಣ್ಣ ಎನ್‌ಡಿಪಿ, ನೀಲಿ ಕನ್ಸರ್ವೇಟಿವ್. ನಮ್ಮ ಬೀದಿಯಲ್ಲಿ ಅಕ್ಕಪಕ್ಕದ ಎರಡು ಮನೆಯಲ್ಲಿ ಎರಡು ಬಣ್ಣ. ಆ ಇಬ್ಬರೂ ಒಂದೇ ಹುಲ್ಲು ಕತ್ತರಿಸುವ ಮೆಷಿನ್ ಬಳಸುತ್ತಾರೆ ಎನ್ನುವುದನ್ನು ಅಪ್ಪ ಕಣ್ಣಿಟ್ಟು ನೋಡಿ ವರದಿ ಮಾಡಿದರು. ಸರ್ರೆಯಲ್ಲಿ ಪಂಜಾಬಿಗಳು ಜಾಸ್ತಿ. ಬಾಗಿಲಿಗೆ ಬಂದ ಕಾರ್ಯಕರ್ತ ಹುಡುಗ ಮೊದಲು ಪಂಜಾಬಿಯಲ್ಲಿ ಮಾತಾಡಿಸಿದ, ಆಮೇಲೆ ಹಿಂದಿ, ಆಮೇಲೆ ಇಂಗ್ಲಿಷ್. ಕೇಳಿದ್ದು ಎಲ್ಲ ಕಡೆ ಕೇಳುವುದನ್ನೇ. ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಎಷ್ಟು ಗಂಟೆ ಕಾಯಬೇಕು, ಬಾಡಿಗೆ ಎಷ್ಟು, ಮಕ್ಕಳು ಪೋರ್ಟಬಲ್‌ನಲ್ಲಿ ಕೂತು ಓದುತ್ತಿದ್ದಾರಾ. ಪೋರ್ಟಬಲ್ ಅಂದರೆ ಶಾಲೆಯ ಅಂಗಳದಲ್ಲಿ ತಂದಿಟ್ಟ ಡಬ್ಬದಂಥ ತಾತ್ಕಾಲಿಕ ಕೋಣೆ. ಸರ್ರೆಯ ಶಾಲೆಗಳ ಹಳೇ ರೋಗ ಅದು. ಈ ಒಂದು ವಿಷಯದಲ್ಲಿ ನನಗೆ ಆಳುವ ಪಕ್ಷದ ಮೇಲೆ ಸಿಟ್ಟಿತ್ತು. ನನ್ನ ಮಗಳೂ ಅಂಥದ್ದರಲ್ಲೇ ಓದಿದ್ದು. ಸಿಟ್ಟು ಬಂದಿದ್ದು ನನಗೊಬ್ಬಳಿಗೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಪಕ್ಕದ ಸರ್ರೆ ನಾರ್ತ್‌ನಲ್ಲಿ ಶಿಕ್ಷಣ ಮಂತ್ರಿ ರಚನಾ ಸಿಂಗ್ ಅವರೇ ಸೋತರು.

ನನ್ನ ಗಂಡ ಆಗ ಪ್ರಾಂತ್ಯದ ಉತ್ತರದ ಊರು ಕಿಟಿಮಾಟ್ ಕಡೆ ಕೆಲಸದ ಮೇಲೆ ಹೋಗುವವರಿದ್ದರು. ಅದಕ್ಕೆ ಅಂಚೆ ವೋಟಿನ ಪ್ಯಾಕೆಟ್ ತರಿಸಿಕೊಂಡಿದ್ದರು. ಒಂದು ರಾತ್ರಿ ಊಟ ಆದಮೇಲೆ ಅದನ್ನು ಡೈನಿಂಗ್ ಟೇಬಲ್ ಮೇಲೆ ಹರಡಿ ಕೂತರು. ಅಪ್ಪ ಮುಂಗೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಬಂದು ಎಲ್ಲ ಪರಿಶೀಲಿಸಿದರು. ಮತಪತ್ರ, ಅದನ್ನು ಹಾಕುವ ಒಳ ಲಕೋಟೆ, ಅದನ್ನು ಹಾಕುವ ಇನ್ನೊಂದು ಲಕೋಟೆ. ಎರಡನೆಯದರ ಮೇಲೆ ಸಹಿ, ಹುಟ್ಟಿದ ತಾರೀಖು. ಆಮೇಲೆ ಅಂಚೆಗೆ ಹಾಕುವ ಹೊರ ಲಕೋಟೆ.

"ಎಲ್ಲಾ ಎದ್ದು ಆಚೆಗೆ ಹೋಗಿ" ಅಂದರು ಅಪ್ಪ.

"ಯಾಕಪ್ಪಾ?"

"ಅಳಿಯಂದಿರು ವೋಟು ಹಾಕ್ಬೇಕು ಕಣವ್ವಾ. ಗೌಪ್ಯ."

ಅಮ್ಮ, ನಾನು, ಮಗಳು ಮೂವರೂ ಅಡುಗೆಮನೆಗೆ. ಅಪ್ಪ ಬಾಗಿಲಿಗೆ ಬೆನ್ನು ಹಾಕಿ ನಿಂತರು. ಒಳಗಿಂದ ನನ್ನವರು "ಆಯ್ತು ಮಾವ" ಅಂದಮೇಲೆ, ಒಳ ಲಕೋಟೆಗೆ ಗೋಂದು ಸರಿಯಾಗಿ ಅಂಟಿದೆಯಾ ಅಂತ ಬೆರಳಲ್ಲಿ ಒತ್ತಿ ನೋಡಿದರು. ಮರುದಿನ ಅದು ಬೀದಿ ಕೊನೆಯ ಕೆಂಪು ಅಂಚೆ ಡಬ್ಬಿಗೆ ಬಿತ್ತು. ಅಪ್ಪನಿಗೆ ಸಮಾಧಾನವಿಲ್ಲ. "ಪೊಲೀಸು ಇಲ್ಲ, ಏಜೆಂಟ್ರು ಇಲ್ಲ, ಅರಗಿನ ಸೀಲಿಲ್ಲ. ಸಹಿ ಒಂದನ್ನ ನಂಬ್ಕೊಂಡು ರಾಜ್ಯಭಾರ ಮಾಡ್ತಾರಾ?"

ಅಕ್ಟೋಬರ್ 19, ಶನಿವಾರ. ಆಕಾಶ ತೂತಾದ ಹಾಗೆ ಮಳೆ. ಪೆಸಿಫಿಕ್ ಸಾಗರದಿಂದ ಬರುವ ಇಂಥ ಮಳೆಗೆ ಇಲ್ಲಿ ಅಟ್ಮಾಸ್ಫಿಯರಿಕ್ ರಿವರ್ ಅನ್ನುತ್ತಾರೆ. ರಸ್ತೆಗಳಲ್ಲಿ ನೀರು, ಕೆಲವು ಮತಗಟ್ಟೆಗಳಲ್ಲಿ ಕರೆಂಟೇ ಹೋಗಿತ್ತು. ಬುದ್ಧಿವಂತರು ಆಗಲೇ ವೋಟು ಹಾಕಿ ಮುಗಿಸಿದ್ದರು. ಮುಂಗಡ ಮತದಾನದ ಆರು ದಿನಗಳಲ್ಲೇ ಹತ್ತು ಲಕ್ಷಕ್ಕೂ ಜಾಸ್ತಿ ಜನ ಹಾಕಿದ್ದರು. ಅದು ಇಲ್ಲಿ ದಾಖಲೆ. ನಾನು ಮಾತ್ರ ಬೇಕೆಂದೇ ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದೆ. ನಾಗರಿಕಳಾದ ಮೇಲೆ ನನ್ನ ಮೊದಲ ಪ್ರಾಂತೀಯ ವೋಟು. ಜನ ಇರಬೇಕು, ಕ್ಯೂ ಇರಬೇಕು, ಇಲ್ಲದಿದ್ದರೆ ಅದೇನು ಚುನಾವಣೆ ಅಲ್ವಾ?

ಕ್ಯೂ ಇರಲಿಲ್ಲ. ಶಾಲೆಯ ಜಿಮ್. ಒದ್ದೆ ಬೂಟಿನ ಗುರುತು, ಬ್ಯಾಸ್ಕೆಟ್‌ಬಾಲ್ ಗೆರೆಗಳ ಮೇಲೆ ಮೇಜುಗಳು. ಅಪ್ಪ ಬಾಗಿಲಲ್ಲೇ ನಿಂತರು. ಅಲ್ಲಿದ್ದ ಹೆಂಗಸು ಅವರಿಗೆ ಕುರ್ಚಿ ಕೊಟ್ಟಳು. ನಾನು ಲೈಸೆನ್ಸ್ ತೋರಿಸಿದೆ. ಲ್ಯಾಪ್‌ಟಾಪ್‌ನಲ್ಲಿ ಹೆಸರು ನೋಡಿ ಮತಪತ್ರ ಕೊಟ್ಟರು. ರಟ್ಟಿನ ಮರೆಯ ಹಿಂದೆ ಹೋಗಿ, ಹೆಸರಿನ ಪಕ್ಕದ ಮೊಟ್ಟೆಯಾಕಾರದ ಖಾಲಿ ಜಾಗವನ್ನು ಕಪ್ಪು ಮಾರ್ಕರ್‌ನಿಂದ ತುಂಬಿದೆ. ಮತಪತ್ರವನ್ನು ಒಂದು ಕವರಿನಲ್ಲಿ ಮುಚ್ಚಿಕೊಂಡು ಬಂದು ಟ್ಯಾಬ್ಯುಲೇಟರ್ ಮೆಷಿನ್ನಿನ ಬಾಯಿಗಿಟ್ಟೆ. ಸರ್ರನೆ ಎಳೆದುಕೊಂಡಿತು. ಇಡೀ ಪ್ರಾಂತ್ಯದಲ್ಲಿ ಈ ಮೆಷಿನ್ ಬಳಸಿದ ಮೊದಲ ಸಾರ್ವತ್ರಿಕ ಚುನಾವಣೆ ಅದು. ಕಾಗದ ಕೆಳಗಿನ ಪೆಟ್ಟಿಗೆಯಲ್ಲಿ ಬೀಳುತ್ತದೆ, ಲೆಕ್ಕ ಮೆಷಿನ್ ಇಟ್ಟುಕೊಳ್ಳುತ್ತದೆ. ಅನುಮಾನ ಬಂದರೆ ಕಾಗದವನ್ನೇ ಕೈಯಲ್ಲಿ ಎಣಿಸಬಹುದು. ಇದನ್ನು ಮಾತ್ರ ಅಪ್ಪ ತಲೆದೂಗಿ ಒಪ್ಪಿದರು.

ಒಪ್ಪದಿದ್ದ ಸಂಗತಿ ಬೇರೆ. ನಾನು ಬರುವಾಗ ಒಬ್ಬ ಹುಡುಗ ಪಟ್ಟಿಯಲ್ಲಿ ಹೆಸರಿಲ್ಲದೆ ಬಂದಿದ್ದ. ಅವನನ್ನು ವಾಪಸ್ ಕಳಿಸಲಿಲ್ಲ. ಅಲ್ಲೇ ಹೆಸರು ಸೇರಿಸಿ, ಅಲ್ಲೇ ಮತಪತ್ರ ಕೊಟ್ಟರು. ವಿಳಾಸದ ದಾಖಲೆ ಇಲ್ಲದಿದ್ದರೂ ಪರವಾಗಿಲ್ಲ, ಅದೇ ಕ್ಷೇತ್ರದ ಮತದಾರರೊಬ್ಬರೋ ಮನೆಯವರೋ "ಇವರನ್ನು ನಾನು ಬಲ್ಲೆ" ಅಂತ ಬರೆದುಕೊಟ್ಟರೆ ಸಾಕು. ಕಾರಿನಲ್ಲಿ ಅಪ್ಪ ಒಂದೇ ಸಮ ಅದನ್ನೇ ಹೇಳಿದರು. ಪಟ್ಟಿಯಲ್ಲಿ ಹೆಸರಿಲ್ಲ ಅಂತ ಎಷ್ಟು ಮುದುಕಿಯರನ್ನು ತಾವೇ ವಾಪಸ್ ಕಳಿಸಿದ್ದರೋ. ಕಣ್ಣಮುಂದೆ ಬೆಳೆದ ಊರಿನವರೇ, ಗುರುತು ಚೆನ್ನಾಗಿ ಇದ್ದವರೇ. ಆದರೂ ಪಟ್ಟಿ ಅಂದರೆ ಪಟ್ಟಿ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಬೆರಳು ನೋಡಿ, "ಶಾಯಿನೂ ಹಾಕಲಿಲ್ವಾ? ಇನ್ನೊಂದು ಸಲ ಹೋಗ್ತೀಯಾ, ಹೇಗೆ?" ಅಂದರು.

ರಾತ್ರಿ ಎಂಟಕ್ಕೆ ಮತದಾನ ಮುಗಿಯಿತು. ಮೆಷಿನ್ ಇದ್ದದ್ದರಿಂದ ಸಂಖ್ಯೆಗಳು ದಡದಡ ಬಂದವು. ಬಂದು ನಿಂತುಬಿಟ್ಟವು. ಎನ್‌ಡಿಪಿ 46, ಕನ್ಸರ್ವೇಟಿವ್ 45, ಗ್ರೀನ್ 2. ಯಾರಿಗೂ 47 ಇಲ್ಲ. ಗ್ರೀನ್ ಪಕ್ಷದ ನಾಯಕಿ ಸೋನಿಯಾ ಫರ್ಸ್ಟೆನೋ ಅವರೇ ಸೋತಿದ್ದರು, ಆದರೆ ಸರ್ಕಾರದ ಕೀಲಿ ಅವರ ಪಕ್ಷದ ಇಬ್ಬರು ಹೊಸಬರ ಕೈಯಲ್ಲಿ. ನಮ್ಮ ಕ್ಷೇತ್ರದಲ್ಲಿ ಕನ್ಸರ್ವೇಟಿವ್ ಅಭ್ಯರ್ಥಿ, ವಕೀಲ ಹೊನ್‌ವೀರ್ ಸಿಂಗ್ ರಂಧಾವಾ 103 ವೋಟು ಮುಂದಿದ್ದರು. ಹಿಂದಿದ್ದವರು ಎನ್‌ಡಿಪಿಯ ಗ್ಯಾರಿ ಬೆಗ್, ನಿವೃತ್ತ ಪೊಲೀಸ್ ಅಧಿಕಾರಿ. ತಡವಾಗಿ ಬಂದ ಅಂಚೆ ವೋಟುಗಳು, ಬೇರೆ ಬಗೆಯ ಉಳಿದ ವೋಟುಗಳು ಎಲ್ಲ ಸೇರಿ ಇಡೀ ಪ್ರಾಂತ್ಯದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಬಾಕಿ. ಅವುಗಳ ಎಣಿಕೆ ಒಂದು ವಾರ ಬಿಟ್ಟು, 26ರಿಂದ 28ರವರೆಗೆ.

"ಒಂದು ವಾರ?" ಅಪ್ಪ ಎದ್ದು ನಿಂತರು. "ಒಂದು ವಾರ ಡಬ್ಬ ಇಟ್ಕೊಂಡು ಕೂರ್ತಾರಾ? ಅಷ್ಟರೊಳಗೆ ಎಂಎಲ್‌ಎಗಳು ಎಲ್ಲಿರ್ತಾರೆ? ಯಾವ ರೆಸಾರ್ಟು?"

ಯಾವ ರೆಸಾರ್ಟೂ ಇಲ್ಲ. ಗೆದ್ದವರು ಅವರವರ ಮನೆಯಲ್ಲಿ. ನಮ್ಮಲ್ಲಿರುವಂಥ ಪಕ್ಷಾಂತರ ನಿಷೇಧ ಕಾಯ್ದೆಯೂ ಇಲ್ಲಿಲ್ಲ. ಇಬ್ಬರು ಮೂವರನ್ನು ಎಳೆದುಕೊಂಡರೆ ಸರ್ಕಾರ ಕೈಗೆ ಬರುತ್ತದೆ, ಆದರೂ ಯಾರಿಗೂ ಬಸ್ಸು ಬುಕ್ ಮಾಡುವ ಯೋಚನೆ ಬರಲಿಲ್ಲ. ಅಪ್ಪನಿಗೆ ಇದು ಸಾಧುತನ ಅಂತ ಅನಿಸಲಿಲ್ಲ. ಸೋಮಾರಿತನ ಅಂತ ಅನಿಸಿತು.

ಅದು ದೀಪಾವಳಿ ವಾರ. ಅಮ್ಮ ಕಜ್ಜಾಯಕ್ಕೆ ಪಾಕ ಹಿಡಿಯುತ್ತಿದ್ದರೆ ಅಪ್ಪ ನನ್ನ ಲ್ಯಾಪ್‌ಟಾಪ್ ಮುಂದೆ ಗಟ್ಟಿಯಾಗಿ ಕೂತಿದ್ದರು. ಎಲೆಕ್ಷನ್ಸ್ ಬಿಸಿ, ಅಂದರೆ ಇಲ್ಲಿನ ಚುನಾವಣಾ ಆಯೋಗದ ತಾಣದಲ್ಲಿ ಸಂಖ್ಯೆ ಬದಲಾದಾಗಲೆಲ್ಲ ಕ್ಯಾಲೆಂಡರ್ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದರು. ಭಾನುವಾರದ ಹೊತ್ತಿಗೆ 103 ಇದ್ದದ್ದು 12ಕ್ಕೆ ಇಳಿಯಿತು. ಸೋಮವಾರ ನಾನು ಆಫೀಸಿನಲ್ಲಿದ್ದೆ. ಎಲ್ಲರ ಸಂಬಳ ಲೆಕ್ಕ ಹಾಕುವ ಪೇರೋಲ್ ದಿನ, ಉಸಿರಾಡಲೂ ಬಿಡುವಿಲ್ಲ. ಮಧ್ಯಾಹ್ನ ಅಪ್ಪನ ಫೋನು. "ಉಲ್ಟಾ ಹೊಡೀತು ಕಣವ್ವಾ! 27! ಆ ಪೊಲೀಸ್ನೋರು ಮುಂದೆ!" ನನ್ನ ಪಕ್ಕದ ಮೇಜಿನ ಫಿಲಿಪಿನೋ ಗೆಳತಿ ನಮ್ಮ ಮನೆಯಲ್ಲಿ ಯಾರಿಗೋ ಮಗು ಹುಟ್ಟಿತು ಅಂದುಕೊಂಡಳು.

ಆ 27ರಿಂದಲೇ ಎನ್‌ಡಿಪಿ 47 ಮುಟ್ಟಿತು, ಕನ್ಸರ್ವೇಟಿವ್ 44ಕ್ಕೆ ಬಂತು. ಅಂತರ ಒಟ್ಟು ವೋಟಿನ ಐನೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ನ್ಯಾಯಾಲಯದ ಮೂಲಕ ಮರುಎಣಿಕೆ. ನವೆಂಬರ್ 8ಕ್ಕೆ ಅದು ಮುಗಿದಾಗ 27 ಹೋಗಿ 22 ಉಳಿಯಿತು. ಅಂಚೆಯಲ್ಲಿ ಬಂದ ಕೆಲವು ವೋಟುಗಳ ಬಗ್ಗೆ ಆಕ್ಷೇಪ ಎತ್ತಿ ರಂಧಾವಾ ಆಮೇಲೆ ಕೋರ್ಟಿಗೂ ಹೋದರು. ನಮ್ಮ ಡೈನಿಂಗ್ ಟೇಬಲ್ಲಿನ ಆ ಲಕೋಟೆ ಈ ಎಣಿಕೆಯಲ್ಲಿ ಯಾವ ಕಡೆ ಬಿತ್ತು ಅಂತ ನಾನು ಗಂಡನನ್ನು ಕೇಳಿಲ್ಲ. ಅವರೂ ನನ್ನನ್ನು ಕೇಳಿಲ್ಲ. ಅಪ್ಪ ಮನೆಯಲ್ಲಿರುವವರೆಗೆ ಕೇಳುವ ಹಾಗೂ ಇರಲಿಲ್ಲ ಬಿಡಿ.

ಮರುಎಣಿಕೆಗೆ ಮುಂಚೆಯೇ ಅಪ್ಪನಿಗೆ ಇವರ ಪದ್ಧತಿಯ ಮೇಲೆ ಸ್ವಲ್ಪ ಮರ್ಯಾದೆ ಬಂದಿತ್ತು. ಆಗ ಸಿಕ್ಕಿತು ನೋಡಿ ಇನ್ನೊಂದು ಸುದ್ದಿ. ಉತ್ತರದ ಪ್ರಿನ್ಸ್ ಜಾರ್ಜ್-ಮೆಕೆಂಜಿ ಕ್ಷೇತ್ರದಲ್ಲಿ ಒಂದು ಇಡೀ ಪೆಟ್ಟಿಗೆಯನ್ನು ಎಣಿಸುವುದನ್ನೇ ಮರೆತಿದ್ದಾರೆ. ಅದರಲ್ಲಿದ್ದದ್ದು 861 ವೋಟು. ಫಲಿತಾಂಶವೇನೂ ಬದಲಾಗಲಿಲ್ಲ. ಮುಖ್ಯ ಚುನಾವಣಾಧಿಕಾರಿ ಆಂಟನ್ ಬೋಗ್ಮನ್ ಕ್ಷಮೆ ಕೇಳಿದರು, ಅಧಿಕಾರಿಗಳು ದಿನಕ್ಕೆ ಹದಿನಾಲ್ಕು ಗಂಟೆಗೂ ಮೀರಿ ದುಡಿದಿದ್ದರು, ಹವಾಮಾನವೂ ಕೆಟ್ಟಿತ್ತು ಅಂದರು.

ಅಪ್ಪನಿಗೆ ನಿಜವಾಗಿ ಕೋಪ ಬಂದದ್ದನ್ನು ನಾನು ಆ ಪ್ರವಾಸದಲ್ಲಿ ನೋಡಿದ್ದು ಅವತ್ತೇ. "ಹದಿನಾಲ್ಕು ಗಂಟೆನಾ? ನಾವು ಎರಡು ದಿನ ಕಣ್ಣು ಮುಚ್ಚದೆ ಮಾಡಿದ್ದೀವಿ. 17ಸಿ ಅಂತ ಫಾರಂ ಇದೆ. ಎಷ್ಟು ವೋಟು ಬಿತ್ತು ಅಂತ ಬರೆದು ಒಬ್ಬೊಬ್ಬ ಏಜೆಂಟನ ಕೈಗೂ ಒಂದೊಂದು ಕಾಪಿ ಕೊಟ್ಟೇ ಬೂತ್ ಬಿಡಬೇಕು. ಎಣಿಕೆ ದಿನ ಮೇಜಿನ ಮುಂದೆ ಅದು ತಾಳೆಯಾಗ್ಬೇಕು. ಪೆಟ್ಟಿಗೆ ಮರೆಯೋದು ಇರಲಿ, ಒಂದು ವೋಟು ಹೆಚ್ಚುಕಮ್ಮಿ ಆದ್ರೆ ಕೂಗಾಡಿ ಕೊಲ್ತಾರೆ."

ನನಗೆ ಅಪ್ಪ ಹೇಳಿದ್ದು ಸರಿ ಅನಿಸಿತು. ನಮ್ಮಲ್ಲಿ ಎಲ್ಲರೂ ಎಲ್ಲರನ್ನೂ ಅನುಮಾನಿಸುತ್ತಾರೆ. ಏಜೆಂಟ್ ಅಧಿಕಾರಿಯನ್ನು, ಅಧಿಕಾರಿ ಏಜೆಂಟನ್ನು, ಆಯೋಗ ಇಬ್ಬರನ್ನೂ. ಆ ಅನುಮಾನದಿಂದಲೇ ಲೆಕ್ಕ ಕರಾರುವಾಕ್ಕಾಗಿ ಕೂರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ಮುದುಕಿ ವಾಪಸ್ ಹೋಗುವುದೂ ಅದರಿಂದಲೇ. ಇಲ್ಲಿ ಬಾಗಿಲಿಗೆ ಬಂದವರ ಮಾತನ್ನು ನಂಬುತ್ತಾರೆ, ಆಸ್ಪತ್ರೆಯಲ್ಲಿದ್ದವರಿಗೂ ಜೈಲಿನಲ್ಲಿದ್ದವರಿಗೂ ಮತಪತ್ರ ಮುಟ್ಟಿಸುತ್ತಾರೆ, ಕಣ್ಣು ಕಾಣದವರು ಫೋನಿನಲ್ಲೇ ವೋಟು ಹಾಕಬಹುದು. ಆಮೇಲೆ ಪೆಟ್ಟಿಗೆ ಮರೆಯುತ್ತಾರೆ. ನನ್ನನ್ನು ಕೇಳಿದರೆ ಬಾಗಿಲು ಇಲ್ಲಿನದೇ ಇರಲಿ, ಎಣಿಕೆ ಮೇಜಿಗೆ ಮಾತ್ರ ನಮ್ಮ ಚಾಮರಾಜನಗರ ಜಿಲ್ಲೆಯ ನಾಲ್ಕು ಜನ ಮೇಷ್ಟ್ರುಗಳನ್ನು ಕರೆಸಲಿ.

47 ಸೀಟಿನ ಬಹುಮತಕ್ಕೆ ಇನ್ನೊಂದು ತೊಡಕಿದೆ. ಒಬ್ಬರು ಸ್ಪೀಕರ್ ಆಗಲೇಬೇಕು. ಎನ್‌ಡಿಪಿಯ ರಾಜ್ ಚೌಹಾನ್ ಮತ್ತೆ ಸ್ಪೀಕರ್ ಆದರು. ಪಂಜಾಬಿನಲ್ಲಿ ಹುಟ್ಟಿ, ಇಲ್ಲಿಗೆ ಬಂದು ಹೊಲದ ಕೂಲಿಗಾರರ ಸಂಘ ಕಟ್ಟಿದವರು. ಅವರು ಮೇಲೆ ಕೂತರೆ ಕೆಳಗೆ 46-46. ಡಿಸೆಂಬರಿನಲ್ಲಿ ಗ್ರೀನ್ ಪಕ್ಷದ ಇಬ್ಬರ ಜೊತೆ ಒಪ್ಪಂದ ಆಯಿತು, ಆದರೆ ಅವರು ಎಲ್ಲಕ್ಕೂ ತಲೆಯಾಡಿಸುವವರಲ್ಲ. 2025ರ ಮೇ ಕೊನೆಯಲ್ಲಿ ಶಾಲೆ, ಆಸ್ಪತ್ರೆಯಂಥ ದೊಡ್ಡ ಕಾಮಗಾರಿಗಳಿಗೆ ಬೇಗ ಅನುಮತಿ ಕೊಡುವ 15ನೇ ಮಸೂದೆ ಬಂತು. ಸ್ಥಳೀಯ ಆದಿವಾಸಿ ಸಮುದಾಯಗಳು, ನಗರಸಭೆಗಳು ವಿರೋಧಿಸಿದವು. ಗ್ರೀನ್‌ನವರೂ ವಿರೋಧ ಹಾಕಿದರು. 46-46. ಚೌಹಾನ್ ಸರ್ಕಾರದ ಪರ ವೋಟು ಹಾಕಿ ಕಾನೂನು ಮಾಡಿಸಿದರು. ಗಿಲ್ಫೋರ್ಡಿನಲ್ಲಿ ಹನ್ನೆರಡು ಮನೆಯವರು ಮನಸ್ಸು ಬದಲಾಯಿಸಿದ್ದರೂ ಆ ಕಾನೂನು ಬರುತ್ತಿರಲಿಲ್ಲ.

ಅಪ್ಪ ಅಷ್ಟರಲ್ಲಿ ಯಳಂದೂರಿಗೆ ವಾಪಸ್ ಹೋಗಿದ್ದರು. ಆದರೂ ಸರ್ರೆ ರಾಜಕೀಯ ಬಿಟ್ಟಿಲ್ಲ. 2024ರ ನವೆಂಬರಿನಲ್ಲಿ ಗ್ಯಾರಿ ಬೆಗ್ ಅವರಿಗೆ ಸಾರ್ವಜನಿಕ ಸುರಕ್ಷತೆ ಖಾತೆ ಸಿಕ್ಕಿತ್ತು. ನಮ್ಮ ಲೆಕ್ಕದಲ್ಲಿ ಗೃಹಮಂತ್ರಿ ಅನ್ನಿ. "22 ವೋಟಿಗೆ ಹೋಂ ಮಿನಿಸ್ಟ್ರಾ!" ಅಂತ ಅಪ್ಪ ಅಂಗಡಿಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. 2025ರ ಜುಲೈನಲ್ಲಿ ಸಂಪುಟ ಬದಲಾಯಿತು, ಬೆಗ್ ಅವರನ್ನು ಮಂತ್ರಿಮಂಡಲದಿಂದ ಬಿಟ್ಟರು. ಸುದ್ದಿ ಹೇಳಲು ಫೋನ್ ಮಾಡಿದೆ.

"ಸರ್ಕಾರ ಬಿತ್ತಾ?" ಅಂದರು ಮೊದಲು.

"ಇಲ್ಲಪ್ಪ."

"ಆ ಮನುಷ್ಯ ಪಾರ್ಟಿ ಬಿಟ್ನಾ?"

"ಅದೂ ಇಲ್ಲ."

"ಸುಮ್ನೆ ಇದ್ದಾರಾ? ಸರಿಯಾಗಿ ನೋಡವ್ವಾ, ಯಾವುದೋ ನಿಗಮ ಮಂಡಳಿ ಕೊಟ್ಟಿರ್ತಾರೆ."